ಸ್ಥಳ: ನೀರು ಇರುವ ಕಡೆ

ಸೇನೆಯಲ್ಲಿದ್ದೆ ಎಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಎಷ್ಟು ಗುಂಡು ಹಾರಿಸಿದಿರಿ ಎಂದು. ನಿಜ ಹೇಳಿ ಹೇಳಿ ನಾನು ಮಾನ ಕಳೆದುಕೊಂಡಿದ್ದೇನೆ. ಗುರಿ ಅಭ್ಯಾಸದ ಮೈದಾನ ಬಿಟ್ಟರೆ ಬೇರೆಲ್ಲೂ ನನ್ನ ಬಂದೂಕು ಬಾಯಿ ತೆರೆದಿಲ್ಲ. ಆ ಮೈದಾನದಲ್ಲೂ ನನ್ನ ಗುಂಡಿಗೆ ಅಂಜುತ್ತಿದ್ದವನು ಪಕ್ಕದ ಗುರಿಹಲಗೆ ಹಿಡಿದವನು ಮಾತ್ರ. ನಾನು ಸೇನೆಯ ಲಾರಿ ಡ್ರೈವರ್. ಬಾದಾಮಿ ಸೀಮೆಯಿಂದ ಬಂದು, ಅರವತ್ತರ ದಶಕದ ಕೊನೆಯಿಂದ ಎಪ್ಪತ್ತರ ದಶಕ ಮುಗಿಯುವವರೆಗೆ ಮುಂಬೈಯ ಉಪನಗರದ ಒಂದು ಸಾಗಣೆ ಘಟಕದಲ್ಲಿ ಸ್ಟೇರಿಂಗ್ ತಿರುಗಿಸಿದೆ. ನಾನು ಸಾಗಿಸಿದ್ದು ಅಕ್ಕಿ, ಕಂಬಳಿ, ಹಾಲಿನ ಪುಡಿ, ಡೇರೆ, ಮೂರು ಸಲ ಮಂತ್ರಿಗಳು, ಒಂದು ಸಲ ಎಮ್ಮೆ. ಎಮ್ಮೆ ಎಲ್ಲರಿಗಿಂತ ಕಡಿಮೆ ತೊಂದರೆ ಕೊಟ್ಟಿತು.

ಭೂಕಂಪವಾಗಲಿ, ಪ್ರವಾಹವಾಗಲಿ, ಕಟ್ಟಡ ಕುಸಿಯಲಿ, ಸರ್ಕಾರದ ಲಾರಿಗಳು ಕೈಚೆಲ್ಲಿದ ಮೇಲೆ ನಮ್ಮನ್ನು ಕರೆಯುತ್ತಿದ್ದರು. ಈ ಕೆಲಸಕ್ಕೆ ಈಗ ಸೇರುವವರು ಅದರಲ್ಲಿ ಶೌರ್ಯ ಇದೆ ಎಂದು ತಿಳಿದಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಪದಕಗಳ ಸುದ್ದಿ ಇಲ್ಲಿ ಇಲ್ಲ. ಅವು ಬೇರೆಯವರಿಗೆ ಬಂದವು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಘಟ್ಟದ ಮೇಲೆ ಭೂಮಿ ನಡುಗಿ ಹಲವು ಹಳ್ಳಿಗಳು ನೆಲಸಮವಾಗಿದ್ದವು. ಮೂರು ಲಾರಿಗಳಲ್ಲಿ ಕಂಬಳಿ, ಹಾಲಿನ ಪುಡಿ ತುಂಬಿಕೊಂಡು ವಡಗಾಂವಕ್ಕೆ ಹೋಗಿ ಎಂದರು. ಮುಂದಿನ ಗಾಡಿ ನನ್ನದು. ಮಹಾರಾಷ್ಟ್ರದಲ್ಲಿ ಎಷ್ಟು ವಡಗಾಂವಗಳಿವೆ ಎನ್ನುವುದು ಬಾದಾಮಿಯವನಿಗೆ ಹೇಗೆ ಗೊತ್ತಾಗಬೇಕು? ದಾರಿಯಲ್ಲಿ ಕೇಳಿದೆ, ಜನ ಕೈ ತೋರಿಸಿದರು, ವಡಗಾಂವ ಸಿಕ್ಕಿತು. ಮನೆಗಳೆಲ್ಲ ನೆಟ್ಟಗೆ ನಿಂತಿದ್ದವು. ಇಲ್ಲಿನವರು ಗಟ್ಟಿಮುಟ್ಟಾಗಿ ಕಟ್ಟಿಸಿದ್ದಾರೆ ಎಂದುಕೊಂಡೆ. ಸರಪಂಚ ನನಗೆ ಹಾರ ಹಾಕಿದ. ತೆಂಗಿನಕಾಯಿ ಒಡೆದರು. ಸೇನೆ ದೇಶಕ್ಕಾಗಿ ಏನೆಲ್ಲ ಮಾಡುತ್ತದೆ ಎಂದು ಭಾಷಣವಾಯಿತು. ಕಂಬಳಿ ಹಂಚಿ ಮುಗಿಸಿ ಚಹಾ ಕುಡಿಯುವಾಗ ನನ್ನ ಜೊತೆಯ ಡ್ರೈವರ್ ವಿಠಲ ಪೂಜಾರಿ ಮೆಲ್ಲಗೆ ಕೇಳಿದ. ಅವನು ಉಡುಪಿ ಕಡೆಯವನು, ಯಾವ ಸಂಕಟದಲ್ಲೂ ಧ್ವನಿ ಏರಿಸಿದವನಲ್ಲ.

"ಹನಮಂತಣ್ಣ, ಇಲ್ಲಿ ಭೂಕಂಪ ಆದದ್ದು ಎಲ್ಲಿ ಮಾರಾಯ್ರೆ? ಒಂದು ಹಂಚು ಸಹ ಜಾರ್ಲಿಲ್ಲ."

ಸರಪಂಚನನ್ನು ಕೇಳಿದೆ. ಆತ ನಗುತ್ತ, "ಭೂಕಂಪದ ವಡಗಾಂವ ಬೇರೆ, ಬೆಟ್ಟದ ಆ ಕಡೆ," ಎಂದ. "ಮತ್ತೆ ಕಂಬಳಿ ಯಾಕೆ ತೆಗೆದುಕೊಂಡಿರಿ?" ಎಂದರೆ, "ಸರ್ಕಾರ ತಾನಾಗಿ ಕೊಟ್ಟಾಗ ಬೇಡ ಅನ್ನಬಾರದು," ಎಂದ.

ಮನೆ ಮನೆಗೆ ಹೋಗಿ ಕಂಬಳಿ ವಾಪಸು ಬೇಡಿದೆವು. ಆ ಜನ ಕಂಬಳಿ ಕೊಟ್ಟರು, ಜೊತೆಗೆ ತಾವೇ ಬಡಿದ ಭಾಕರಿ ರೊಟ್ಟಿಯ ಗಂಟುಗಳನ್ನೂ ಕೊಟ್ಟರು. ಆದರೆ ಸರಿಯಾದ ವಡಗಾಂವ ಮುಟ್ಟುವಾಗ ಒಂದು ದಿನ ತಡವಾಗಿತ್ತು. ಅಲ್ಲಿ ಬಯಲಲ್ಲಿ ಕೂತಿದ್ದ ಮುದುಕನೊಬ್ಬ ಕಂಬಳಿ ತೆಗೆದುಕೊಂಡು, ಬೈಯದೆ, "ನಿನ್ನೆ ಬರುತ್ತಾರೆ ಅಂದಿದ್ದರು," ಎಂದಷ್ಟೇ ಹೇಳಿದ. ನನ್ನ ತಪ್ಪಿನಿಂದ ಒಂದು ಊರು ಒಂದು ರಾತ್ರಿ ಚಳಿಯಲ್ಲಿ ಕೂತಿತ್ತು. ಆಮೇಲೆ ನನ್ನ ಇಡೀ ನೌಕರಿಯಲ್ಲಿ, ಊರಿನ ಹೆಸರಿನ ಜೊತೆ ತಾಲೂಕಿನ ಹೆಸರು ಕೇಳದೆ ನಾನು ಗೇರ್ ಹಾಕಿಲ್ಲ. ಹೊಸಬರು ನಗಬಹುದು. ನಕ್ಕು, ಕೇಳುವುದನ್ನು ಕಲಿತರೆ ಸಾಕು.

ದಾನ ಬಂದ ಸಾಮಾನಿನ ಬಗ್ಗೆಯೂ ಹೇಳಬೇಕು. ಮುಂಬೈಯ ಜನ ಮನಸ್ಸು ಕರಗಿದರೆ ಕಪಾಟು ಖಾಲಿ ಮಾಡುತ್ತಾರೆ, ಏನು ಹೊರಗೆ ಬಂತೆಂದು ನೋಡುವುದಿಲ್ಲ. ಬಾಂದ್ರಾದಿಂದ ಬಂದ ಒಂದು ಗಂಟಿನಲ್ಲಿ ಹನ್ನೆರಡು ಟೈ, ಎತ್ತರ ಹಿಮ್ಮಡಿಯ ಒಂಟಿ ಚಪ್ಪಲಿ, ಈಜುವಾಗ ಹಾಕುವ ಉಡುಪು, ಒಂದು ಸೂಟು. ಪೂಜಾರಿ ಆ ಸೂಟನ್ನು ಎತ್ತಿ ಹಿಡಿದು, "ಇದಕ್ಕೆ ಒಬ್ಬ ಮದುಮಗ ಸಹ ಬೇಕಲ್ಲ ಮಾರಾಯ್ರೆ," ಎಂದ. ಟೈಗಳು ಮಾತ್ರ ವ್ಯರ್ಥವಾಗಲಿಲ್ಲ. ಹಳ್ಳಿಯ ಹೆಂಗಸರು ಅವುಗಳಿಂದ ಆಡು ಕಟ್ಟಿದರು, ಒಳ್ಳೆಯ ರೇಷ್ಮೆ, ಹರಿಯಲಿಲ್ಲ.

ಲಾರಿ ತುಂಬುವ ರೀತಿಯೂ ಆಗ ಹಾಗೇ. ಯಾವುದು ಮೊದಲು ಕೈಗೆ ಸಿಕ್ಕಿತೋ ಅದು ಮೊದಲು ಒಳಗೆ. ಒಮ್ಮೆ ಸೀಮೆಎಣ್ಣೆಯ ಡಬ್ಬಗಳ ಕೆಳಗೆ ಬೇಳೆಯ ಚೀಲ ಇಟ್ಟಿದ್ದೆವು. ಘಟ್ಟದ ತಿರುವುಗಳಲ್ಲಿ ಡಬ್ಬ ಸೋರಿತು. ಆ ಬೇಳೆ ಮುಟ್ಟಿದ ಊರಿನವರು ಖಿಚಡಿ ಬೇಯಿಸಿದಾಗ ಅದಕ್ಕೆ ಒಲೆಯೇ ಬೇಡವೇನೋ ಎನ್ನುವಂತೆ ವಾಸನೆ. ಅಂದಿನಿಂದ ನಮ್ಮ ಸುಬೇದಾರ್ ಘೋರ್ಪಡೆಯವರು ಹೊಸ ಪದ್ಧತಿ ತಂದರು. ಸೀಮೆಎಣ್ಣೆಗೆ ಬೇರೆ ಗಾಡಿ, ಮೊದಲು ಇಳಿಸುವುದನ್ನು ಕೊನೆಗೆ ತುಂಬುವುದು, ಗಾಡಿಯ ಬಾಗಿಲಿಗೆ ಒಳಗಿನ ಸಾಮಾನಿನ ಪಟ್ಟಿ ಅಂಟಿಸುವುದು. ಸಾತಾರದ ಈ ಗಿರಿಜಾಮೀಸೆಯ ಮನುಷ್ಯ ನಾಲ್ಕನೇ ಇಯತ್ತೆ ಓದಿದವರು. ಬಳಿಕ ದೊಡ್ಡ ದೊಡ್ಡ ಅಧಿಕಾರಿಗಳು ಇದನ್ನೇ ಇಂಗ್ಲಿಷಿನಲ್ಲಿ ನಮಗೆ ಪಾಠ ಮಾಡಿದರು. ಸುಬೇದಾರರು ಹಿಂದಿನ ಬೆಂಚಿನಲ್ಲಿ ಕೂತು ನಿದ್ದೆ ಮಾಡಿದರು.

ಗಣ್ಯರು ಬಂದರೆ ಕೆಲಸ ಅರ್ಧ ದಿನ ನಿಲ್ಲುತ್ತಿತ್ತು. ಒಬ್ಬರು ಕಂಬಳಿ ಹಂಚುವ ಫೋಟೋ ತೆಗೆಸಿಕೊಳ್ಳಲು ಬಂದರು. ಫೋಟೋದವನು ಬೆಳಕು ಸರಿಬರಲಿಲ್ಲವೆಂದು ಒಬ್ಬ ಅಜ್ಜಿಗೆ ಮೂರು ಸಲ ಕಂಬಳಿ ಕೊಡಿಸಿದ. ಮುಗಿದ ಮೇಲೆ ಎರಡನ್ನು ವಾಪಸು ಕೊಡು ಎಂದರೆ ಅಜ್ಜಿ, "ಮೂರು ಸಲ ಕೈ ಮುಗಿದಿದ್ದೇನೆ, ಮೂರು ಕಂಬಳಿ ನನ್ನವು," ಎಂದು ಅವುಗಳ ಮೇಲೆ ಕೂತುಬಿಟ್ಟಳು. ಸೇನೆ ಹಿಮ್ಮೆಟ್ಟಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಈಗ ನಮ್ಮ ಮೇಜರ್ ದೇವಧರ್ ವಿಷಯ. ತೆಳ್ಳಗೆ, ಬೆತ್ತದಂತೆ ನೆಟ್ಟಗಿನ ಮನುಷ್ಯ. ಜೇಬಿನಲ್ಲಿ ಸದಾ ಒಂದು ಕಪ್ಪು ಪೆನ್ನು. ಅವರಿಗೆ ಮನುಷ್ಯರಿಗಿಂತ ಕಾಗದದ ಮೇಲೆ ಹೆಚ್ಚು ನಂಬಿಕೆ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ನಿಯಮ ಹೀಗಿತ್ತು: ಸಿವಿಲ್ ಅಧಿಕಾರಿ ಬರೆದು ಬೇಡಿಕೆ ಸಲ್ಲಿಸದೆ ಸೇನೆಯ ಚಕ್ರ ಪರಿಹಾರ ಕೆಲಸಕ್ಕೆ ಉರುಳಬಾರದು. ಬೇರೆ ಮೇಜರುಗಳು ಫೋನಿನಲ್ಲಿ ಕೇಳಿದರೂ ಗಾಡಿ ಕಳಿಸಿ, ಕಾಗದವನ್ನು ಆಮೇಲೆ ತರಿಸಿಕೊಳ್ಳುತ್ತಿದ್ದರು. ದೇವಧರ್ ಹಾಗಲ್ಲ. ಕಾಗದದಲ್ಲಿ "2 ಗಾಡಿ" ಎಂದು ಅಂಕಿ ಮಾತ್ರ ಬರೆದು ಅಕ್ಷರದಲ್ಲಿ ಬರೆಯದಿದ್ದರೂ ವಾಪಸು. ಒಮ್ಮೆ ಕಾಗದದಲ್ಲಿ ಸಹಿ ಹಸಿರು ಶಾಯಿಯಲ್ಲಿತ್ತೆಂದು ಅರ್ಧ ಗಂಟೆ ಯೋಚಿಸಿದರು. ನಾವು ಅವರ ಬೆನ್ನ ಹಿಂದೆ ಇಟ್ಟ ಹೆಸರನ್ನು ಇಲ್ಲಿ ಬರೆಯಲಾರೆ.

ಒಂದು ಮಳೆಗಾಲದಲ್ಲಿ ಎರಡು ದಿನ ಮಳೆ ನಿಲ್ಲಲೇ ಇಲ್ಲ. ಮೂರನೆಯ ಬೆಳಿಗ್ಗೆ ಸಮುದ್ರದ ಉಬ್ಬರವೂ ಮಳೆಯ ನೀರೂ ಒಂದಾದವು. ಲೋಕಲ್ ರೈಲುಗಳು ನಿಂತವು. ವಡಾಲದ ಉಪ್ಪಿನ ಗದ್ದೆಗಳ ಅಂಚಿನಲ್ಲಿದ್ದ ಗುಡಿಸಲುಗಳ ಮಾಡಿನ ಮೇಲೆ ಜನ ಹತ್ತಿ ಕೂತಿದ್ದಾರೆ, ನೀರು ಏರುತ್ತಿದೆ ಎಂದು ಪೊಲೀಸ್ ಠಾಣೆಯಿಂದ ಫೋನ್ ಬಂತು. ಇಂಜಿನ್ ಬೆಚ್ಚಗೆ ಮಾಡಿ ನಾವು ಗೇಟಿನ ಬಳಿ ನಿಂತೆವು. ಮೇಜರ್ ಕೋಣೆಯಿಂದ ಹೊರಬಂದು ಕೇಳಿದ್ದು ಒಂದೇ ಮಾತು.

"ಬೇಡಿಕೆ ಪತ್ರ ಎಲ್ಲಿ?"

ಪತ್ರಕ್ಕೆ ಸಹಿ ಹಾಕಬೇಕಾದ ಅಧಿಕಾರಿಯ ಜೀಪೇ ಸಾಯನ್ ಬಳಿ ನೀರಲ್ಲಿ ಕೆಟ್ಟು ನಿಂತಿತ್ತು. ಪತ್ರ ಮಧ್ಯಾಹ್ನಕ್ಕೂ ಬರುವ ಹಾಗಿರಲಿಲ್ಲ.

ನನಗೆ ರಕ್ತ ತಲೆಗೇರಿತು. "ಸಾಬ್, ಕಾಗದ ಬರುವಷ್ಟರಲ್ಲಿ ಅಲ್ಲಿ ಜನ ಇರುವುದಿಲ್ಲ," ಎಂದುಬಿಟ್ಟೆ. ನಾಯಕ್ ಎಂಬ ಸಣ್ಣ ಹುದ್ದೆಯವನು ಮೇಜರ್‌ಗೆ ಹಾಗೆ ಹೇಳಬಾರದು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಟೋಪಿ ವಾರೆಯಾಗಿದೆ," ಎಂದು ಒಳಗೆ ಹೋದರು. ಹತ್ತು ನಿಮಿಷ ಕಳೆಯಿತು. ಪೂಜಾರಿ ಉಗುರು ಕಚ್ಚುತ್ತ ನಿಂತಿದ್ದ. ಆಮೇಲೆ ಸುಬೇದಾರ್ ಘೋರ್ಪಡೆ ಒಂದು ಹಾಳೆ ಹಿಡಿದು ಹೊರಗೆ ಬಂದರು. ಅವರ ಮೀಸೆ ಕುಣಿಯುತ್ತಿತ್ತು.

"ಕೇಳಿ. ಇವತ್ತು ಪರಿಹಾರ ಕೆಲಸ ಇಲ್ಲ. ಡ್ರೈವರುಗಳಿಗೆ ತರಬೇತಿ ಇದೆ."

ಆ ಆದೇಶವನ್ನು ಅವರು ಓದಿ ಹೇಳಿದರು. ವಿಷಯ: ನೀರಿನಲ್ಲಿ ಗಾಡಿ ಓಡಿಸುವ ಅಭ್ಯಾಸ. ಗಾಡಿಗಳು: ನಾಲ್ಕು, ಅಕ್ಷರದಲ್ಲಿ ನಾಲ್ಕು. ಸ್ಥಳ: ನೀರು ಇರುವ ಕಡೆ. ಗಾಡಿಯ ಮೇಲಿನ ಭಾರ: ಸ್ಥಳದಲ್ಲಿ ಲಭ್ಯವಿರುವುದು. ಕೆಳಗೆ ಕಪ್ಪು ಶಾಯಿಯ ಸಹಿ.

ಕಿಟಕಿಯಲ್ಲಿ ಮೇಜರ್ ನಿಂತಿದ್ದರು. ನಾನು ಟೋಪಿ ನೆಟ್ಟಗೆ ಮಾಡಿಕೊಂಡು ಸಲಾಮು ಹೊಡೆದೆ.

ನೀರಲ್ಲಿ ಲಾರಿ ಓಡಿಸುವುದನ್ನು ನಿಮಗೆ ಪುಸ್ತಕದಲ್ಲಿ ಕಲಿಸುತ್ತಾರೆ. ಪುಸ್ತಕ ಒದ್ದೆಯಾಗುವುದಿಲ್ಲ. ಫ್ಯಾನ್ ತಿರುಗಿ ಇಂಜಿನ್ನಿಗೆ ನೀರು ಚಿಮ್ಮದಂತೆ ಅದರ ಬೆಲ್ಟ್ ಬಿಚ್ಚಬೇಕು. ಹೊಗೆ ಕೊಳವೆಗೆ ರಬ್ಬರ್ ಪೈಪ್ ಸಿಕ್ಕಿಸಿ ಮೇಲಕ್ಕೆತ್ತಿ ಕಟ್ಟಬೇಕು. ಒಂದನೇ ಗೇರ್ ಹಾಕಿದರೆ ಆಚೆ ದಡದವರೆಗೆ ಆಕ್ಸಿಲರೇಟರ್ ಮೇಲಿನ ಕಾಲು ಎತ್ತಕೂಡದು, ದೇವರ ನೆನಪಾದರೂ ಎತ್ತಕೂಡದು. ರಸ್ತೆ ಎಲ್ಲಿ, ಗಟಾರ ಎಲ್ಲಿ ತಿಳಿಯದ್ದರಿಂದ ಒಬ್ಬ ಮುಂದೆ ಬಿದಿರು ಊರುತ್ತ ನಡೆಯಬೇಕು. ನನ್ನ ಗಾಡಿಯ ಮುಂದೆ ಎದೆಮಟ್ಟದ ನೀರಲ್ಲಿ ಪೂಜಾರಿ ನಡೆದ. ಮೀನು ಹಿಡಿಯುವ ಮೊಗವೀರರ ಕೇರಿಯ ಪಕ್ಕ ಬೆಳೆದವನಾದರೂ ಅವನಿಗೆ ಈಜು ಬಾರದು ಎನ್ನುವುದನ್ನು ಅವನು ಹೇಳಿದ್ದು ಆ ಕೆಲಸವೆಲ್ಲ ಮುಗಿದ ಮೇಲೆ.

ಗುಡಿಸಲುಗಳು ಕಂಡವು. ತಗಡು, ಗೋಣಿ, ತಾಳೆಗರಿಯ ಮಾಡುಗಳ ಮೇಲೆ ಜನ ಗುಂಪು ಗುಂಪಾಗಿ ಕೂತಿದ್ದರು. ನಮ್ಮನ್ನು ಕಂಡು ಕೈ ಬೀಸುತ್ತಾರೆ ಎಂದುಕೊಂಡೆ. ಬೀಸಿದರು. ಆದರೆ ಬಂದದ್ದು ಕಲ್ಲು. ಮೊದಲನೆಯದು ಬಾನೆಟ್ ಮೇಲೆ ಢಣ್ ಎಂದಿತು, ಎರಡನೆಯದು ಗಾಜು ಸೀಳಿತು. ಪೂಜಾರಿ ಬಿದಿರಿನ ಹಿಂದೆ ಅಡಗಲು ನೋಡಿದ.

"ಏ, ಬರಬ್ಯಾಡ್ರಿ! ಇನ್ನೊಂದ ಹೆಜ್ಜಿ ಮುಂದ ಬಂದ್ರ ತಲಿ ಒಡದ ಹಾಕ್ತೀನಿ!"

ಬೈಗುಳ ಕೇಳಿ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ನಮ್ಮೂರ ಕಡೆಯ ಕನ್ನಡ! ಮಾಡಿನ ಮೇಲೆ ಇಳಕಲ್ ಸೀರೆಯ ಕಚ್ಚೆ ಬಿಗಿದ ಐವತ್ತರ ಹೆಂಗಸೊಬ್ಬಳು ಕೈಯಲ್ಲಿ ಮತ್ತೊಂದು ಕಲ್ಲು ಹಿಡಿದು ನಿಂತಿದ್ದಳು. ಹೆಸರು ಶಾಂತವ್ವ ಎಂದು ಆಮೇಲೆ ತಿಳಿಯಿತು. ಅವರೆಲ್ಲ ಬಿಜಾಪುರ, ಬಾಗಲಕೋಟೆ ಕಡೆಯಿಂದ ಬಂದು ಬಾಂದ್ರಾ, ಮಾಟುಂಗಾದಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊರುವ ಜನ. ಅವಳು ಆ ಗುಂಪಿನ ಹಿರಿಯಳು.

ನಾನು ಬಾಗಿಲಿಂದ ತಲೆ ಹೊರಹಾಕಿ ಕೂಗಿದೆ, "ಯಕ್ಕಾ, ಕಲ್ಲ ಕೆಳಗ ಇಡು! ನಾ ಬದಾಮಿ ಕಡಿಯಾಂವ!"

"ಬದಾಮಿಯಾಂವ ಆದ್ರೇನು, ಗಾಡಿ ಯಾರ್ದು? ಹೋದ ವರ್ಷ ಇಂಥಾವ ಲಾರಿ ತಂದು ನಮ್ಮ ಗುಡಸಲಾ ಕಿತ್ತ ತುಂಬಕೊಂಡ ಹೋದ್ರಲ್ಲ, ನೀವ ಅಲ್ಲೇನು?"

ಆಗ ನನಗೆ ಅರ್ಥವಾಯಿತು. ಅವರ ಪಾಲಿಗೆ ದೊಡ್ಡ ಲಾರಿ ಎಂದರೆ ಮನೆ ಕೀಳಲು ಬರುವುದು. ಲಾರಿಯ ಬಣ್ಣ ನೋಡಿ ಸೇನೆ ಯಾವುದು, ಸರ್ಕಾರ ಯಾವುದು ಎಂದು ತೂಗುತ್ತ ಕೂರಲು ಅವರಿಗೆ ಪುರುಸೊತ್ತಿರಲಿಲ್ಲ.

"ಇದು ಮಿಲಿಟ್ರಿ ಗಾಡಿ ಯಕ್ಕಾ. ಗುಡಸಲಾ ಕೀಳೂದು ನಮ್ಮ ಕೆಲಸ ಅಲ್ಲ."

"ಮತ್ತ ನಿಮ್ಮ ಕೆಲಸ ಏನು?"

"ಇವತ್ತ... ತರಬೇತಿ."

"ಏನಂತ?"

"ಅದನ್ನೆಲ್ಲಾ ಆಮ್ಯಾಲ ಹೇಳ್ತೀನಿ. ನೀರು ಏರಾಕ ಹತ್ತೈತಿ. ಹತ್ತ್ರಿ ಮೊದಲ."

ಅವಳು ಹತ್ತಲಿಲ್ಲ. ಅವಳು ಕಲ್ಲು ಇಳಿಸದಿದ್ದರೆ ಉಳಿದವರೂ ಇಳಿಸುವುದಿಲ್ಲ. ನೀರು ನನ್ನ ಗಾಡಿಯ ಮೆಟ್ಟಿಲು ದಾಟಿ ಒಳಗೆ ನನ್ನ ಬೂಟು ತುಂಬುತ್ತಿತ್ತು. ಇಂಜಿನ್ ಗುರಗುಟ್ಟುತ್ತಿತ್ತು, ನಿಂತರೆ ಮತ್ತೆ ಏಳುವುದಿಲ್ಲ.

"ತಮ್ಮಾ, ನೀರ ಇಳಿದ ಮ್ಯಾಲ ನಮ್ಮನ್ನ ಎಲ್ಲಿ ಬಿಡ್ತಿ?" ಶಾಂತವ್ವ ಕೇಳಿದಳು. ಈಗ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಲೆಕ್ಕ ಹಾಕುವವರ ನಿಧಾನ ಇತ್ತು.

"ಇಲ್ಲೇ ತಂದ ಬಿಡ್ತೀನಿ."

"ನೀನ?"

"ನಾನ."

"ಯಾರ ಮ್ಯಾಲ ಆಣಿ ಮಾಡ್ತಿ?"

"ಬನಶಂಕರಿ ಮ್ಯಾಲ."

ಅವಳು ಕಲ್ಲನ್ನು ನೀರಿಗೆ ಬಿಟ್ಟಳು. ಮೊದಲು ಮುದುಕರನ್ನು, ಕೂಸುಗಳನ್ನು ಇಳಿಸಿದರು. ಆಮೇಲೆ ಕೋಳಿಗಳು, ಟ್ರಂಕುಗಳು. ಶಾಂತವ್ವ ಕೊನೆಗೆ ತನ್ನ ಗುಡಿಸಲಿನ ಬಾಗಿಲನ್ನೇ ಕಿತ್ತು ಗಾಡಿಗೆ ಏರಿಸಿದಳು. ಜಾಗ ಇಲ್ಲ ಎಂದೆ. "ಬಾಗಲಾ ಇದ್ರ ಮನಿ ಮತ್ತ ಕಟ್ಟಬಹುದು. ನೀ ಗಾಡಿ ಹೊಡಿ," ಎಂದಳು. ನಾಲ್ಕು ಗಾಡಿಗಳು ಸಂಜೆಯೊಳಗೆ ಐದು ಸಲ ಓಡಾಡಿದವು. ಮಾಟುಂಗಾದ ಎತ್ತರದಲ್ಲಿದ್ದ ಒಂದು ಶಾಲೆಗೆ ಎಲ್ಲರನ್ನೂ ಮುಟ್ಟಿಸಿದೆವು. ಆ ಜನರಲ್ಲಿ ಒಬ್ಬರ ಜೀವವೂ ಹೋಗಲಿಲ್ಲ, ಒಂದು ಕೋಳಿಯದು ಮಾತ್ರ ಹೋಯಿತು. ಬೇಡಿಕೆ ಪತ್ರ ಬಂದದ್ದು ಮೂರನೆಯ ಓಡಾಟ ಮುಗಿದ ಮೇಲೆ. ಆಗ ತರಬೇತಿ ಮುಗಿದು ಪರಿಹಾರ ಕೆಲಸ ಶುರುವಾಯಿತು ಎಂದು ಸುಬೇದಾರರು ಗಾಡಿಗಳ ಡೈರಿಯಲ್ಲಿ ಬರೆಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಶಾಲೆಗೆ ನಾವು ದಿನವೂ ನೀರು, ಅಕ್ಕಿ ಒಯ್ಯುತ್ತಿದ್ದೆವು. ನೀರು ಇಳಿಯಿತು, ಬಿಸಿಲು ಬಂತು. ನಾಲ್ಕನೆಯ ದಿನ ಶಾಲೆಯ ಅಂಗಳದಲ್ಲಿ ಒಬ್ಬ ಸಿವಿಲ್ ಅಧಿಕಾರಿ, ಬಿಳಿ ಶರ್ಟಿನವರು, ಸುಬೇದಾರರಿಗೆ ನಕ್ಷೆ ತೋರಿಸುತ್ತಿದ್ದರು. ನಾನು ಹತ್ತಿರ ಅಕ್ಕಿ ಚೀಲ ಇಳಿಸುತ್ತಿದ್ದೆ, ಕಿವಿ ಅತ್ತ ಇತ್ತು. ಈ ಜನರನ್ನು ವಡಾಲಕ್ಕೆ ಒಯ್ಯುವುದು ಬೇಡ, ಆ ಜಾಗ ಹೇಗೂ ಖಾಲಿಯಾಗಿದೆ, ಒಳ್ಳೆಯದೇ ಆಯಿತು, ಮುಲುಂಡ್‌ನ ಆಚೆ ಬಯಲಿದೆ, ಅಲ್ಲಿ ಇಳಿಸಿ ಎನ್ನುತ್ತಿದ್ದರು. ಆಗಿನ ಮುಲುಂಡ್‌ನ ಆಚೆ ಎಂದರೆ ಹಾವು, ಪೊದೆ. ಅಲ್ಲಿಂದ ಬಾಂದ್ರಾಕ್ಕೆ ಇಟ್ಟಿಗೆ ಹೊರಲು ಹೋಗುವುದು ಎಂದರೆ ಎರಡು ಲೋಕಲ್ ಬದಲಿಸಬೇಕು, ಹೊತ್ತು ಮೂಡುವ ಮೊದಲು ಹೊರಡಬೇಕು. ಒಂದು ವಾರದಲ್ಲಿ ಅವರ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಶಾಂತವ್ವ ಆ ಕಡೆ ಕಲ್ಲೊಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. "ತಮ್ಮಾ, ನಾಳೆ ಹೋಗೂನೇನು?" ಎಂದು ಕೇಳಿದಳು. ನಾನು ಅವಳ ಮುಖ ನೋಡದೆ ಗಾಡಿಗೆ ಹತ್ತಿದೆ. ಪೂಜಾರಿಗೆ ಹೇಳಿದೆ. ಅವನು, "ನೀವು ಆಣೆ ಹಾಕಿದ್ದು ಎಂತಕ್ಕೆ ಮಾರಾಯ್ರೆ? ಆಣೆ ಹಾಕ್ಲಿಕ್ಕೆ ನಾವು ಯಾರು?" ಎಂದ. ಅದು ನಿಜವೇ ಆಗಿತ್ತು.

ಬೇರೆ ದಾರಿ ಕಾಣದೆ ಮೇಜರ್ ಕೋಣೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಪೆನ್ನು ಮುಚ್ಚಿಟ್ಟು ಕೇಳಿದರು.

"ಜನರಿಗೆ ಮಾತು ಕೊಡುವ ಅಧಿಕಾರ ನಿನಗೆ ಯಾರು ಕೊಟ್ಟರು?"

"ಯಾರೂ ಇಲ್ಲ ಸಾಬ್."

"ಬರೆದು ಕೊಟ್ಟಿದ್ದೀಯಾ?"

"ಇಲ್ಲ ಸಾಬ್. ಬಾಯಲ್ಲಿ."

"ಯಾರ ಹೆಸರಿನಲ್ಲಿ?"

"ದೇವಿಯ ಹೆಸರಿನಲ್ಲಿ ಸಾಬ್. ನಮ್ಮೂರಿನ ದೇವಿ."

ಅವರು ಹೆಸರಿನ ಸ್ಪೆಲ್ಲಿಂಗ್ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡರು. ನನ್ನ ಮೇಲೆ ಆರೋಪ ಪಟ್ಟಿ ತಯಾರಾಗುತ್ತಿದೆ, ಅದರಲ್ಲಿ ಬನಶಂಕರಿ ಮೊದಲ ಸಾಕ್ಷಿ ಎಂದುಕೊಂಡು ಹೊರಬಂದೆ.

ಮರುದಿನ ಬೆಳಿಗ್ಗೆ ಗಾಡಿಗಳು ಶಾಲೆಯ ಮುಂದೆ ನಿಂತವು. ಮೇಜರ್ ತಾವೇ ಜೀಪಿನಲ್ಲಿ ಬಂದಿದ್ದರು. ಬಿಳಿ ಶರ್ಟಿನ ಅಧಿಕಾರಿ ಬೇಡಿಕೆ ಪತ್ರ ಕೊಟ್ಟರು. ಮೇಜರ್ ಅದನ್ನು ಎರಡು ಸಲ ಓದಿದರು, ಹಿಂಬದಿ ತಿರುಗಿಸಿ ನೋಡಿದರು.

"ಇದರಲ್ಲಿ 'ಸಂತ್ರಸ್ತರನ್ನು ಅವರ ಜಾಗಕ್ಕೆ ತಲುಪಿಸುವುದು' ಎಂದಿದೆ."

"ಹೌದು. ಮುಲುಂಡ್‌ಗೆ. ನಿನ್ನೆ ನಕ್ಷೆಯಲ್ಲಿ ತೋರಿಸಿದ್ದೇನಲ್ಲ."

"ಪತ್ರದಲ್ಲಿ ಮುಲುಂಡ್ ಇಲ್ಲ."

"ನಾನು ಹೇಳುತ್ತಿದ್ದೇನಲ್ಲ ಮೇಜರ್."

"ಸಂತೋಷ. ಬರೆದು ಕೊಡಿ."

ಮೇಜರ್ ತಮ್ಮ ಪೆನ್ನನ್ನೇ ಚಾಚಿದರು. ಅಧಿಕಾರಿ ಪೆನ್ನು ತೆಗೆದುಕೊಳ್ಳಲಿಲ್ಲ. ಬರೆದರೆ ಆ ಜನರನ್ನು ಅಲ್ಲಿಂದ ತೆಗೆಯಲು ಯಾರ ಆದೇಶ ಎಂಬ ಪ್ರಶ್ನೆ ಬರುತ್ತದೆ, ಅಂಥ ಆದೇಶ ಯಾರೂ ಹೊರಡಿಸಿರಲಿಲ್ಲ. ಅವರು ಮೊದಲು ನಕ್ಕರು, ಆಮೇಲೆ ಸಿಡುಕಿದರು, ಮೇಲಿನವರಿಗೆ ಫೋನ್ ಮಾಡುತ್ತೇನೆ ಎಂದರು.

"ಅವಶ್ಯ ಮಾಡಿ," ಎಂದರು ಮೇಜರ್. "ಅವರೂ ಬರೆದು ಕೊಡಲಿ. ಅಲ್ಲಿಯವರೆಗೆ ನನ್ನ ಬಳಿ ಇರುವುದು ಈ ಪತ್ರ. ಇವರ ಜಾಗ ಯಾವುದು ಎನ್ನುವುದಕ್ಕೆ ನನ್ನ ಗಾಡಿಗಳ ಡೈರಿ ಇದೆ. ಹತ್ತಿಸಿಕೊಂಡ ಸ್ಥಳ, ವಡಾಲ. ಸುಬೇದಾರ್, ಹೊರಡಿಸಿ."

ಹೊರಡುವ ಮೊದಲು ನನ್ನ ಗಾಡಿಯ ಬಳಿ ನಿಂತು, "ಟೋಪಿ," ಎಂದರು. ಮತ್ತೆ ವಾರೆಯಾಗಿತ್ತು.

ವಡಾಲದಲ್ಲಿ ಇಳಿದಾಗ ಗುಡಿಸಲುಗಳಿರಲಿಲ್ಲ. ಕೆಸರು, ಮುರಿದ ಬಿದಿರು, ತಗಡಿನ ಚೂರುಗಳು, ಉಪ್ಪಿನ ವಾಸನೆ. ನನಗೆ ಅಳು ಬಂತು. ಇದಕ್ಕಾಗಿ ಇಷ್ಟೆಲ್ಲ ಮಾಡಿದೆನೇ ಅನ್ನಿಸಿತು. ಶಾಂತವ್ವ ಹೆಜ್ಜೆ ಎಣಿಸುತ್ತ ಹೋಗಿ ಒಂದು ಕಡೆ ನಿಂತು, "ಇಲ್ಲಿ," ಎಂದಳು. ಅವಳ ಅಳಿಯ ಬಾಗಿಲನ್ನು ತಂದು ಅಲ್ಲಿ ನಿಲ್ಲಿಸಿ ಹಿಡಿದ. ಅವಳು ಅದನ್ನು ತೆರೆದು ಒಳಗೆ ಹೋಗಿ ಮುಚ್ಚಿದಳು. ಸುತ್ತ ಗೋಡೆಯಿಲ್ಲ, ಮೇಲೆ ಮಾಡಿಲ್ಲ. ನಿಂತವರೆಲ್ಲ ನಕ್ಕುಬಿಟ್ಟರು, ಅವಳೂ ನಕ್ಕಳು. ಅಷ್ಟರಲ್ಲಿ ಮತ್ತೆ ಹನಿ ಶುರುವಾಯಿತು. ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ನಾನು ಪೂಜಾರಿಯ ಮುಖ ನೋಡಿದೆ. ಅವನು ಲಾರಿಗೆ ಹೊದಿಸಿದ ದೊಡ್ಡ ತಾಡಪತ್ರಿಯನ್ನು ನೋಡುತ್ತಿದ್ದ.

"ಇದು ಪ್ರವಾಹದಲ್ಲಿ ಕೊಚ್ಚಿಕೊಂಡು ಹೋಗಿರ್ಬೇಕಲ್ಲ, ಅಣ್ಣ?"

"ಹೋಗಿರಬೇಕು."

ಬಿಚ್ಚಿ ಇಳಿಸಿದೆವು. ಉಳಿದ ಮೂರು ಗಾಡಿಯವರು ನಮ್ಮನ್ನು ನೋಡಿ, ಏನೂ ಕೇಳದೆ, ಸಿಗರೇಟು ಸೇದಲು ಆ ಕಡೆ ತಿರುಗಿದರು. ಅವರ ತಾಡಪತ್ರಿ ಅವರ ಗಾಡಿಗಳ ಮೇಲೇ ಉಳಿಯಿತು, ಅವರ ದೋಷವಲ್ಲ. ಎಲ್ಲರೂ ಒಟ್ಟಿಗೆ ಕಳೆದುಕೊಂಡರೆ ಯಾರೂ ನಂಬುತ್ತಿರಲಿಲ್ಲ.

ಸೇನೆಯಲ್ಲಿ ಮನುಷ್ಯ ಕಳೆದರೆ ಒಂದು ಕಾಗದ, ತಾಡಪತ್ರಿ ಕಳೆದರೆ ವಿಚಾರಣೆ. ನೀರಿನ ರಭಸಕ್ಕೆ ಹೋಯಿತು ಎಂದು ವರದಿ ಬರೆದುಕೊಟ್ಟೆ. ಎಷ್ಟು ಆಳದ ನೀರು, ಯಾವ ದಿಕ್ಕಿಗೆ ಹರಿಯುತ್ತಿತ್ತು, ಕಟ್ಟಿದ ಗಂಟು ಯಾವುದು ಎಂದು ಮೇಜರ್ ಅರ್ಧ ಪುಟ ಪ್ರಶ್ನೆ ಬರೆದು ವಾಪಸು ಕಳಿಸಿದರು. ನಾನು ಉತ್ತರ ಬರೆದೆ. ಗಂಟಿನ ಚಿತ್ರವನ್ನೂ ಬರೆದೆ. ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಅವರು ಜೀಪು ತರಿಸಿ, "ಸ್ಥಳ ಪರಿಶೀಲನೆ, ಹತ್ತು," ಎಂದರು. ನನ್ನ ನೌಕರಿ ಮುಗಿಯಿತು ಎಂದು ಗೊತ್ತಾಯಿತು.

ವಡಾಲದ ಆ ಬಯಲಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದದ್ದು ನಮ್ಮ ತಾಡಪತ್ರಿ. ಬಿದಿರುಗಳ ಮೇಲೆ ಬಿಗಿದು ಕಟ್ಟಿದ್ದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನನ್ನ ಲಾರಿಯ ನಂಬರು ಮೈಲಿ ದೂರಕ್ಕೂ ಓದುವ ಹಾಗಿತ್ತು. ಮೇಜರ್ ಅದನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದರು. ಶಾಂತವ್ವ ಹೊರಬಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

"ಬರ್ರೀ ಸಾಹೇಬ್ರ. ಬಿಸಲಾಗ ಯಾಕ ನಿಂತೀರಿ? ತಮ್ಮಾ, ಒಳಗ ಕರಕೊಂಡ ಬಾ."

ಅವರು ಬಗ್ಗಿ ಒಳಗೆ ಹೋದರು. ಅಷ್ಟು ನೆಟ್ಟಗಿನ ಮನುಷ್ಯ ಬಗ್ಗಿದ್ದನ್ನು ನಾನು ಮೊದಲ ಸಲ ನೋಡಿದ್ದು. ಒಳಗೆ ಮೂರು ಸಂಸಾರ, ಮೂರು ಒಲೆ. ಅಲ್ಯೂಮಿನಿಯಂ ಲೋಟದಲ್ಲಿ ಚಹಾ ಕೊಟ್ಟರು. ಮೇಜರ್ ಡಬ್ಬದ ಮೇಲೆ ಕೂತು ಪೂರ್ತಿ ಕುಡಿದರು. ಮೇಲೆ ನೋಡಿದರು, ಗಂಟುಗಳನ್ನು ನೋಡಿದರು. ನಡುವಿನ ಬಿದಿರಿಗೆ ಹಳೆಯ ಸೀರೆಯ ಜೋಲಿ ಕಟ್ಟಿ ಅದರಲ್ಲಿ ಒಂದು ಕೂಸನ್ನು ಮಲಗಿಸಿದ್ದರು.

"ಇದನ್ನು ಬಿಚ್ಚಿ ಒಯ್ಯಬಹುದೇ?" ನನ್ನನ್ನು ಹಿಂದಿಯಲ್ಲಿ ಕೇಳಿದರು.

"ಆ ಕೂಸು ಏಳುತ್ತದೆ ಸಾಬ್."

ಅವರು ತಲೆಯಾಡಿಸಿದರು. ಜೇಬಿನಿಂದ ಕಾಗದ ತೆಗೆದು, ಮೊಣಕಾಲ ಮೇಲಿಟ್ಟು ಅಲ್ಲಿಯೇ ಬರೆದರು. ಆ ಸಾಲು ನನಗೆ ಇಂದಿಗೂ ಬಾಯಿಪಾಠ. "ತಾಡಪತ್ರಿ ಇರುವ ಸ್ಥಳವನ್ನು ಖುದ್ದಾಗಿ ಪರಿಶೀಲಿಸಿದ್ದೇನೆ. ಅದು ವಾಪಸು ತರಲಾಗದ ಸ್ಥಿತಿಯಲ್ಲಿದೆ." ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಜೀಪಿನಲ್ಲಿ ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಹಗ್ಗ?"

"ಸಾಬ್?"

"ತಾಡಪತ್ರಿಗೆ ಹಗ್ಗ ಇತ್ತು. ಅಲ್ಲಿ ಆರು ಕಡೆ ಕಟ್ಟಿದೆ. ನಿನ್ನ ವರದಿಯಲ್ಲಿ ಹಗ್ಗದ ಮಾತೇ ಇಲ್ಲ."

ನಾನು ಟೋಪಿ ನೆಟ್ಟಗೆ ಮಾಡಿಕೊಂಡೆ.

"ಅಪೂರ್ಣ ವರದಿ. ಏಳು ದಿನ ಹೆಚ್ಚುವರಿ ಡ್ಯೂಟಿ."

ಏಳು ದಿನ ಸ್ಟೋರಿನಲ್ಲಿ ಕೂತು ಅಲ್ಲಿದ್ದ ಹಗ್ಗಗಳನ್ನೆಲ್ಲ ಅಳೆದೆ. ಗಟ್ಟಿ ಇದ್ದವು ಒಂದು ಪಟ್ಟಿ, ಸವೆದವು ಒಂದು ಪಟ್ಟಿ. ಪೂಜಾರಿ ಬಾಗಿಲಲ್ಲಿ ನಿಂತು ಕಿಸಿಕಿಸಿ ನಗುತ್ತಿದ್ದ. ಎಂಟನೆಯ ದಿನ ಪಟ್ಟಿ ಒಪ್ಪಿಸಿದಾಗ ಮೇಜರ್ ಸಾಲು ಸಾಲಾಗಿ ಓದಿ, ಸವೆದ ಹಗ್ಗಗಳ ಸಾಲಿನ ಮೇಲೆ ಬೆರಳಿಟ್ಟರು.

"ಇವನ್ನು ವಿಲೇವಾರಿ ಮಾಡಬೇಕು ಎಂದು ಬರೆದಿದ್ದೀಯ. ಎಲ್ಲಿ ಎಂದು ಬರೆದಿಲ್ಲ."

"ವಡಾಲ ಎಂದು ಬರೆಯಲೇ ಸಾಬ್?"

ಅವರು ಮುಚ್ಚಳ ತೆಗೆದು ತಮ್ಮ ಪೆನ್ನನ್ನು ನನ್ನ ಕೈಗೆ ಕೊಟ್ಟರು.